ಕಾಕಾನ ಪಿಸ್ತೂಲು ಮತ್ತು ಸಿಕ್ಕಿಕೊಳ್ಳುವ ಗುಂಡು

ಶಹಾಬಾದಿನಲ್ಲಿ ಫರ್ಸಿ ಖಣಿ ನಡೆಸೋ ನಮ್ಮ ಕಾಕಾಗೆ ಕಳೆದ ವರ್ಷ ಪಿಸ್ತೂಲಿನ ಲೈಸೆನ್ಸ್ ಸಿಕ್ಕಿತು. ಪಗಾರದ ದುಡ್ಡು ಹಿಡ್ಕೊಂಡು ವಾಡಿ, ಚಿತ್ತಾಪುರದ ದಾರಿಯಲ್ಲಿ ಕತ್ತಲಾದ ಮೇಲೆ ಒಬ್ಬರೇ ಓಡಾಡೋ ಮನುಷ್ಯ. .32 ಬೋರಿನ ಹೊಸ ಸೆಮಿ ಆಟೊಮ್ಯಾಟಿಕ್ ತಂದರು. ರೇಂಜ್‌ನಲ್ಲಿ ಹೊಡೆದರೆ ಎರಡು ಗುಂಡು ಸರಾಗ, ಮೂರನೇದೋ ನಾಲ್ಕನೇದೋ ಮೂತಿ ಮೇಲೆತ್ತಿ ಸಿಕ್ಕಿಕೊಳ್ಳುತ್ತಿತ್ತು.

"ತಮ್ಮಾ, ಲೇಥ್‌ನವ ಒಳಗ ಸ್ವಲ್ಪ ಉಜ್ಜಿ ನುಣ್ಣಗ ಮಾಡಿ ಕೊಡ್ತೀನಿ ಅಂತಾನ. ಕೊಡ್ಲೇನು?" ಅಂತ ಫೋನು ಬಂತು.

"ಬ್ಯಾಡ್ರಿ ಕಾಕಾ" ಅಂದೆ. ಗುಂಡು ಜಾರಿ ನಳಿಗೆ ಹತ್ತೋ ಇಳಿಜಾರನ್ನು ಅತಿಯಾಗಿ ಉಜ್ಜಿದರೆ ಹಿತ್ತಾಳೆ ಕೋಶಕ್ಕೆ ಕೆಳಗಿನ ಆಸರೆ ಹೋಗುತ್ತೆ. ಹೊಡೆದಾಗ ಅದು ಅಲ್ಲೇ ಒಡೆದು ಕೈಗೆ ಬರಬಹುದು. ಮೇಲಾಗಿ 1959ರ ಶಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು.

ಆಗಾಗ ಮಾತ್ರ ಬರೋ ಬಗ್ ಎಷ್ಟು ಕಾಡುತ್ತೆ ಅಂತ ಕೋಡ್ ಬರೆಯೋರಿಗೆ ಗೊತ್ತು. ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ರೇಂಜ್‌ಗೆ ಜೊತೆಯಾದೆ. ಲೈಸೆನ್ಸ್ ನನ್ನದಲ್ಲ, ಹಾಗಾಗಿ ಪಿಸ್ತೂಲು ಮುಟ್ಟೋದು ಕಾಕಾ, ಬರೆಯೋದು ನಾನು. ಕೊಳ್ಳಬಹುದಾದ ಗುಂಡಿಗೂ ಲೈಸೆನ್ಸ್‌ನಲ್ಲಿ ಮಿತಿ ಬರೆದಿರುತ್ತೆ, ಸುಮ್ಮನೆ ಹೊಡೆದು ನೋಡೋಹಾಗಿಲ್ಲ.

ಮ್ಯಾಗಝೀನ್ ಎರಡಿದ್ದವು (ನೀವೀಗ ಓದ್ತಿರೋದಲ್ಲ, ಗುಂಡು ತುಂಬೋ ಡಬ್ಬಿ). ನೋಡೋಕೆ ಒಂದೇ ಥರ. ತಂಗಿಯ ನೇಲ್ ಪಾಲಿಶ್‌ನಿಂದ ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಇಡಿಸಿದೆ. ತಲಾ 16 ಗುಂಡು. ಒಂದು ಚುಕ್ಕಿಯದ್ದು 4 ಸಲ ಸಿಕ್ಕಿಕೊಂಡಿತು, ಎರಡು ಚುಕ್ಕಿಯದ್ದು ಒಂದೇ ಸಲ. ಪ್ರತಿ ಸಲವೂ ನಳಿಗೆ ಗುರಿಯ ಕಡೆಗೇ ಇಟ್ಟು, ಮೊದಲು ಮ್ಯಾಗಝೀನ್ ತೆಗೆದು, ಆಮೇಲೆ ಸ್ಲೈಡ್ ಎಳೀಬೇಕು. ಕಾಕಾ ಅವಸರದ ಮನುಷ್ಯ, ಇದನ್ನ ಹತ್ತು ಸಲ ಹೇಳಬೇಕಾಯ್ತು.

ಕಾಕಾ ಮ್ಯಾಗಝೀನ್ ಬಿಚ್ಚಿದರೆ ಒಳಗೆ ಫ್ಯಾಕ್ಟರಿಯ ದಪ್ಪ ಗ್ರೀಸು, ಅದಕ್ಕಂಟಿದ ಖಣಿಯ ಬಿಳಿ ಧೂಳು. ಸ್ಪ್ರಿಂಗ್ ಗುಂಡನ್ನು ಮೇಲೆ ತಳ್ಳೋದೇ ನಿಧಾನ, ಅಷ್ಟರಲ್ಲಿ ಸ್ಲೈಡ್ ವಾಪಸ್ ಬಂದಿರುತ್ತೆ. ಒರೆಸಿ ಒಣಗಿಸಿದ್ದಾಯ್ತು.

ಇನ್ನೊಂದು ಮಾತು ಕಾಕಾಗೆ ಹೊಸದು. .32 ಗುಂಡು 1899ರ ಸುಮಾರಿಗೆ ಜಾನ್ ಬ್ರೌನಿಂಗ್ ರೂಪಿಸಿದ್ದು, ಅದರ ಬುಡದ ಅಂಚು ಕೋಶಕ್ಕಿಂತ ಕೂದಲೆಳೆಯಷ್ಟು ಅಗಲ. ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡು ನಿಂತುಬಿಡ್ತವೆ.

ಮುಂದಿನ ವಾರ ಕಾಕಾ ಒಬ್ಬರೇ ಹೋಗಿ ಹೊಡೆದು ವಾಟ್ಸಾಪ್‌ನಲ್ಲಿ ಲೆಕ್ಕ ಕಳಿಸಿದರು. ಎರಡು ಚುಕ್ಕಿಯದ್ದು ಸೊನ್ನೆ, ಒಂದು ಚುಕ್ಕಿಯದ್ದು ಮತ್ತೆ 3. ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೆ ಕಳಿಸಿದೆ. ಅಲ್ಲಿನ ಮಿಸ್ತ್ರಿ ಎರಡೂ ಡಬ್ಬಿ ಪಕ್ಕಪಕ್ಕ ಹಿಡಿದು, ಒಂದರ ತುಟಿ ಅಗಲ ಆಗಿದೆ, ಗುಂಡು ಬೇಗ ಜಾರಿ ಮೂತಿ ಎತ್ತುತ್ತೆ ಅಂದರಂತೆ. ಬಗ್ಗಿಸೋ ಗೋಜಿಗೆ ಹೋಗದೆ ಮ್ಯಾಗಝೀನನ್ನೇ ಬದಲಿಸಿ ಕೊಟ್ಟರು.

ಹೊಸದಕ್ಕೆ ಮೂರು ಚುಕ್ಕಿ ಇಟ್ಟಿದ್ದಾರೆ ಕಾಕಾ. "16ಕ್ಕ 16 ಹೋದ್ವು. ಲೇಥ್‌ನವ ಮಾತ್ರ ಸಿಟ್ಟಾಗ್ಯಾನ" ಅಂತ ಮೆಸೇಜ್ ಬಂತು.