ಆಲೆಮನೆ ಚಿಮಣಿಯ ಡ್ರಾಕುಲಾ ಕೋಟೆ

ನಿಡಘಟ್ಟದ ನಾವೊಂದಷ್ಟು ಹುಡುಗರು ದೆವ್ವದ ಸಿನಿಮಾಗಳಿಗೆಂದೇ ಕೈಬರಹದ ಪತ್ರಿಕೆ ಮಾಡುತ್ತಿದ್ದೆವು. ಅದೂ ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ಸಿನಿಮಾಗಳಿಗೆ! ನಮ್ಮಲ್ಲಿ ಯಾರೂ ಅವನ್ನು ನೋಡಿರಲಿಲ್ಲ. ನೋಡಿದ್ದವನು ಬೆಂಗಳೂರಿನಲ್ಲಿ ಓದುತ್ತಿದ್ದ ಗೆಳೆಯನ ಅಣ್ಣ. ಎಂ.ಜಿ. ರಸ್ತೆಯ ಟಾಕೀಸಿನಲ್ಲಿ ಬೆಳಗಿನ ಆಟ ನೋಡಿ, ಮೈಸೂರು ಬಸ್ಸಿನಿಂದ ಇಳಿದವನೇ ಜಗಲಿ ಮೇಲೆ ಕಥೆ ಶುರು ಮಾಡುತ್ತಿದ್ದ.

1958ರ ‘ಡ್ರಾಕುಲಾ’ದ ಕೊನೆಯನ್ನಂತೂ ಆಡಿಯೇ ತೋರಿಸಿದ. ಪೀಟರ್ ಕುಶಿಂಗ್ ಉದ್ದದ ಮೇಜಿನ ಮೇಲೆ ಓಡಿ, ಹಾರಿ, ಪರದೆ ಕಿತ್ತೆಳೆಯುತ್ತಾನೆ. ಬಿಸಿಲು ಒಳನುಗ್ಗುತ್ತದೆ. ಎರಡು ಮೇಣದಬತ್ತಿ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡಿ, ಕ್ರಿಸ್ಟೋಫರ್ ಲೀಯನ್ನು ಆ ಬಿಸಿಲಿಗೆ ಹಿಮ್ಮೆಟ್ಟಿಸುತ್ತಾನೆ. ಅಣ್ಣನ ಕೈಯಲ್ಲಿದ್ದದ್ದು ಎರಡು ಸೌದೆ ಸೀಳು. ಎಷ್ಟೋ ವರ್ಷದ ಮೇಲೆ ಸಿನಿಮಾ ನೋಡಿದಾಗ ಗೊತ್ತಾಯಿತು, ಅವನು ಒಂದು ಹೆಜ್ಜೆಯನ್ನೂ ತಪ್ಪಿಸಿರಲಿಲ್ಲ.

ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ. ಗೆರೆ ಹಾಳೆ, ಗೋಣಿದಾರದ ಹೊಲಿಗೆ, ರಕ್ತಕ್ಕೆ ಕೆಂಪು ಇಂಕು. ಚಿತ್ರ ಬರೆಯುವವನು ಕೋಟೆ ಕಂಡವನಲ್ಲ. ಸುತ್ತ ಕಬ್ಬಿನ ಗದ್ದೆ. ಹಾಗಾಗಿ ಡ್ರಾಕುಲಾ ಕೋಟೆಗೆ ಆಲೆಮನೆಯ ಚಿಮಣಿ ಬಂತು, ಅದರಿಂದ ಹೊಗೆಯೂ ಬಂತು. ನನಗೆ ಇವತ್ತಿಗೂ ಅದೇ ಸರಿಯಾದ ಕೋಟೆ.

ಮನೆಯಿಂದ ಮನೆಗೆ ಹೋಗುತ್ತಿದ್ದ ಆ ಪ್ರತಿಯನ್ನು ಓದು ಬಾರದ ಅಜ್ಜಿಯೊಬ್ಬರು ಓದಿಸಿ ಕೇಳುತ್ತಿದ್ದರು. ಕೌಂಟ್ ಡ್ರಾಕುಲಾನ ಕಥೆ ಪೂರ್ತಿ ಕೇಳಿ, “ಪಕ್ಸದಲ್ಲಿ ಅವ್ನಿಗೆ ಎಡೆ ಇಕ್ಕೋರು ಯಾರೂ ಇರ್ನಿಲ್ಲ ಕಣ್ರಲಾ, ಅದ್ಕೇ ಹಂಗಾಗವ್ನೆ” ಅಂದರು. ಮುಂದಿನ ಸಂಚಿಕೆಯಲ್ಲಿ ಅದನ್ನು ಹಾಗೇ ಹಾಕಿದೆವು. ಡ್ರಾಕುಲಾ ಬಗ್ಗೆ ಆಮೇಲೆ ನಾನು ಬಹಳ ಓದಿದ್ದೇನೆ. ಇಷ್ಟು ಕರುಣೆಯ ಮಾತು ಎಲ್ಲೂ ಸಿಕ್ಕಿಲ್ಲ.

ಅಮೆರಿಕದ ಅಯೋವಾದಲ್ಲಿ ರಿಚರ್ಡ್ ಕ್ಲೆಮೆನ್ಸನ್ ಎಂಬ ಅಭಿಮಾನಿ 1972ರಲ್ಲೇ ಹ್ಯಾಮರ್ ಸಿನಿಮಾಗಳಿಗಾಗಿ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಎಂಬ ಪತ್ರಿಕೆ ಶುರು ಮಾಡಿ, ದಶಕಗಳ ಕಾಲ ನಡೆಸಿದರು. ಅದು ತಿಳಿದ ದಿನ ದೂರದ ನೆಂಟರೊಬ್ಬರು ಸಿಕ್ಕಷ್ಟು ಹಿಗ್ಗಾಯಿತು. ನಾವು ಅಷ್ಟು ಬಾಳಲಿಲ್ಲ. ಒಬ್ಬ ಐಟಿಐಗೆ, ಒಬ್ಬ ಮಿಲಿಟರಿಗೆ, ಇನ್ನೊಬ್ಬ ಗದ್ದೆಗೆ.

ಕಡೆಯ ಸಂಚಿಕೆ ನಮ್ಮದೇ ದೆವ್ವಕ್ಕೆ ಮೀಸಲಾಯಿತು: 1979ರ ‘ನಾ ನಿನ್ನ ಬಿಡಲಾರೆ’. ಇದನ್ನು ಎಲ್ಲರೂ ನೋಡಿದ್ದೆವು. ಅನಂತನಾಗ್ ಮೈಮೇಲೆ ದೆವ್ವ ಬಂದಾಗಿನ ಆ ಕಣ್ಣು! ಅಣ್ಣನ ಬಾಯಿಂದ ಕೇಳಿ ಬರೆಯುವ ಕಷ್ಟವಿಲ್ಲ, ಎಲ್ಲರಿಗೂ ಹೇಳುವುದಿತ್ತು; ಹಾಳೆ ಸಾಲದೆ ಅಂಚಿನಲ್ಲೂ ಬರೆದೆವು. ಅನಂತನಾಗ್ ಹೆಚ್ಚೋ ಕ್ರಿಸ್ಟೋಫರ್ ಲೀ ಹೆಚ್ಚೋ ಎಂಬ ಜಗಳ ಮಾತ್ರ ಆ ಸಂಚಿಕೆಯಲ್ಲಿ ಮುಗಿಯಲಿಲ್ಲ. ಮದ್ದೂರಿನಲ್ಲಿ ವಡೆ ತಿನ್ನಲು ಸೇರಿದಾಗೆಲ್ಲ ಮಿಲಿಟರಿಯವನು ಲೀ ಪರ, ನಾನು ಅನಂತನಾಗ್ ಪರ.