ದಂಡಿನ ಪಕ್ಕದ ಮನೆ

ಮನೆ ಎಲ್ಲಿ ಅಂತ ಯಾರಾದರೂ ಕೇಳಿದಾಗ ‘ಪುಲಿಕೇಶಿನಗರ’ ಅಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ‘ಫ್ರೇಜರ್ ಟೌನ್’ ಅಂದ ಕೂಡಲೇ ‘ಓ, ರಂಜಾನ್ ಟೈಮಲ್ಲಿ ತಿನ್ನೋಕೆ ಬರ್ತೀವಲ್ಲ, ಅದಾ!’ ಅಂತಾರೆ. ಹೆಸರು ಬದಲಾಗಿ ಮೂರು ದಶಕ ದಾಟಿದರೂ ನಾಲಿಗೆ ಮೇಲೆ ಇನ್ನೂ ಫ್ರೇಜರ್ ಸಾಹೇಬರೇ ಕೂತಿದ್ದಾರೆ.

ನಾನು ತುಮಕೂರು ಕಡೆಯವನು. ಎಂಜಿನಿಯರಿಂಗ್ ಮುಗಿಸಿ ಕೆಲಸ ಸಿಕ್ಕಮೇಲೆ ಇಲ್ಲಿಗೆ ಬಾಡಿಗೆಗೆ ಬಂದು ಎಂಟು ವರ್ಷವಾಯಿತು. ಬಂದ ಹೊಸದರಲ್ಲಿ ಎರಡು ವಿಷಯ ವಿಚಿತ್ರ ಅನ್ನಿಸಿತ್ತು. ಓನರ್ ಅಜ್ಜಿ ಚಿಕ್ಕಪೇಟೆಗೆ ಹೊರಟರೆ ‘ಸಿಟಿಗೆ ಹೋಗ್ಬರ್ತೀನಿ’ ಅನ್ನುತ್ತಿದ್ದರು. ಹಾಗಾದರೆ ನಾವಿರೋದು ಹಳ್ಳಿನಾ? ಇನ್ನೊಂದು, ಕಂಟೋನ್ಮೆಂಟ್ ಸ್ಟೇಷನ್ನಿನ ಕನ್ನಡ ಬೋರ್ಡು: ‘ಬೆಂಗಳೂರು ದಂಡು’. ದಂಡು ಅಂದರೆ ಸೈನ್ಯ. ಓದುತ್ತಾ ಹೋದಮೇಲೆ ಎರಡಕ್ಕೂ ಉತ್ತರ ಒಂದೇ ಅಂತ ಗೊತ್ತಾಯಿತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಒಪ್ಪಂದ ಮಾಡಿಕೊಂಡಿತು. ರಾಜ್ಯದ ರಕ್ಷಣೆಗೆ ಕಂಪನಿ ಸೈನ್ಯ ಇಡುತ್ತದೆ, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಕೊಡಬೇಕು. ಶ್ರೀರಂಗಪಟ್ಟಣದ ಜ್ವರ ತಡೆಯಲಾರದೆ ಆ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಪಕ್ಕ ಬೀಡುಬಿಟ್ಟಿತು.

ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ದುಡ್ಡು ಬರೋದು ಅನುಮಾನ ಅನ್ನಿಸಿದರೆ ಕಂಪನಿ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ಶಿವಮೊಗ್ಗ ಕಡೆಯ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದಮೇಲೆ, 1831ರಲ್ಲಿ ಅದೇ ಆಯಿತು. ಸೈನ್ಯದ ಸಂಬಳ ಕೊಟ್ಟವರು ಮಹಾರಾಜರು, ಅಧಿಕಾರ ಕಳೆದುಕೊಂಡವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯಿತು. 50 ವರ್ಷದ ನಂತರ, 1881ರಲ್ಲಿ, ರಾಜ್ಯ ಒಡೆಯರಿಗೆ ವಾಪಸ್ ಬಂತು, ದಂಡು ಮಾತ್ರ ಬರಲಿಲ್ಲ. ಇಲ್ಲಿ ಬ್ರಿಟಿಷ್ ರೆಸಿಡೆಂಟ್ ಹೇಳಿದ್ದೇ ಕೊನೆ. ಅಜ್ಜಿಯ ‘ಸಿಟಿ’ ಅಂದರೆ ಗೆರೆಯಾಚೆಗಿದ್ದ ಮಹಾರಾಜರ ಬೆಂಗಳೂರು. ಈ ಜಾಗ ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ.

ದಂಡು ಕೊಟ್ಟಿದ್ದೂ ಇದೆ, ಇಲ್ಲ ಅನ್ನಲ್ಲ. ಅದಕ್ಕೆ ನೀರು ಬೇಕು ಅಂತ 1882ರಲ್ಲಿ ಸ್ಯಾಂಕಿ ಕೆರೆ ಆಯಿತು. ಅದರ ಬೆನ್ನಿಗೆ ಬಂದ ತಮಿಳು ಕುಟುಂಬಗಳ ಮೊಮ್ಮಕ್ಕಳು ನಮ್ಮ ಬೀದಿಯಲ್ಲಿದ್ದಾರೆ. ತರಕಾರಿ ಕೊಳ್ಳುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ನನಗೆ ಈ ಏರಿಯಾ ಇಷ್ಟವಾಗಿರುವುದೇ ಅದಕ್ಕೆ.

ನಮ್ಮಕ್ಕ ದೋಹಾದಲ್ಲಿ ಇಲ್ಲದೇ ಇದ್ದಿದ್ದರೆ ಇದೆಲ್ಲ ಮುಗಿದ ಕಥೆ ಅಂತ ನಾನೂ ಸುಮ್ಮನಿರುತ್ತಿದ್ದೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಅಲ್ ಉದೈದ್ ಇದೆ. ಪಶ್ಚಿಮ ಏಷ್ಯಾದಲ್ಲೇ ಅಮೆರಿಕದ ಅತಿ ದೊಡ್ಡ ಸೇನಾ ನೆಲೆ, ಸುಮಾರು 10 ಸಾವಿರ ಸೈನಿಕರು. ಕಟ್ಟಿಸಿದ್ದು ಕತಾರಿನ ದುಡ್ಡಿನಲ್ಲಿ. ಚಿಕ್ಕ ದೇಶ, ಸುತ್ತ ದೊಡ್ಡವರು, ಕಾಯೋಕೆ ಒಬ್ಬ ಬಲಿಷ್ಠ ಇರಲಿ ಅನ್ನೋ ಲೆಕ್ಕ.

2025ರ ಜೂನ್ 22ರಂದು ಅಮೆರಿಕ ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿತು. ಮರುದಿನ ಇರಾನ್ ಸೇಡಿನ ಕ್ಷಿಪಣಿಗಳನ್ನು ಬಿಟ್ಟಿದ್ದು ಅಲ್ ಉದೈದ್ ಮೇಲೆ. ಇಲ್ಲಿ ರಾತ್ರಿ ಹತ್ತರ ಸುಮಾರು. ಅಕ್ಕನ ಮೆಸೇಜ್ ಬಂತು: ‘ಕಿಟಕಿ ಅಲ್ಲಾಡ್ತಿದೆ. ಮಕ್ಕಳನ್ನ ಒಳಗಡೆ ಪ್ಯಾಸೇಜಲ್ಲಿ ಮಲಗಿಸಿದೀನಿ. ಅಮ್ಮಂಗೆ ಹೇಳ್ಬೇಡ.’ ಅಷ್ಟರಲ್ಲಿ ಟಿವಿ ಹೇಳಿಬಿಟ್ಟಿತ್ತು. ವಿಮಾನಗಳು ಬಂದ್ ಆಗಿದ್ದವು. ಯಾರ ಪ್ರಾಣವೂ ಹೋಗಲಿಲ್ಲ ಅನ್ನೋದು ಗೊತ್ತಾಗೋವರೆಗೂ ಅಮ್ಮ ಸೋಫಾದಿಂದ ಏಳಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ‘ಜಗಳ ಆಡಿದ್ದು ಅಮೆರಿಕದವರು. ಬಾಂಬು ಇವರೂರಿಗ್ಯಾಕೆ?’

ಪ್ರಶ್ನೆ ಸರಿಯಾಗೇ ಇದೆ. ಕಾವಲಿಗೆ ಜಾಗ, ದುಡ್ಡು ಕೊಡೋದು ಮನೆಯವರು. ಬಂದೂಕು ಯಾವಾಗ, ಯಾರ ಮೇಲೆ ಅನ್ನೋದನ್ನ ತೀರ್ಮಾನ ಮಾಡೋದು ಇನ್ಯಾವುದೋ ರಾಜಧಾನಿ. ಏಟು ವಾಪಸ್ ಬಂದಾಗ ಮಾತ್ರ ಮನೆಯವರ ಅಂಗಳಕ್ಕೆ ಬೀಳುತ್ತೆ. ಅದೇ ಸೆಪ್ಟೆಂಬರ್ 9ರಂದು ಹಮಾಸ್ ನಾಯಕರನ್ನು ಹುಡುಕಿ ಇಸ್ರೇಲ್ ದೋಹಾದ ಮೇಲೇ ದಾಳಿ ಮಾಡಿತು. ಅಷ್ಟು ದೊಡ್ಡ ನೆಲೆ ಪಕ್ಕದಲ್ಲೇ ಇದ್ದರೂ ಅದು ತಪ್ಪಲಿಲ್ಲ. ಮುಮ್ಮಡಿಯವರಿಗೆ 1831ರಲ್ಲಿ ಗೊತ್ತಾದ ವಿಷಯ ಕತಾರಿಗೆ ಈಗ ಗೊತ್ತಾಗುತ್ತಿರಬೇಕು.

ವಾಪಸ್ ಬಂದುಬಿಡು ಅಂತ ಅಮ್ಮ ಪ್ರತಿ ಭಾನುವಾರ ಅಕ್ಕನಿಗೆ ಹೇಳುತ್ತಾರೆ. ಮಕ್ಕಳ ಸ್ಕೂಲು, ತುಮಕೂರಿನ ಮನೆ ಸಾಲ, ಇನ್ನೆರಡು ವರ್ಷ ಅಂತ ಅಕ್ಕನ ಉತ್ತರ. ಅವಳ ಮನೆ ಬಾಗಿಲ ಪಕ್ಕ ಈಗ ಒಂದು ಬ್ಯಾಗ್ ಸದಾ ರೆಡಿ ಇರುತ್ತದಂತೆ. ಪಾಸ್‌ಪೋರ್ಟು, ಒಂದಿಷ್ಟು ನಗದು, ಚಿಕ್ಕವನ ಇನ್‌ಹೇಲರ್. ಅದನ್ನು ಅವಳು ಅಮ್ಮನಿಗೆ ಇನ್ನೂ ಹೇಳಿಲ್ಲ.