ನಾಡಿದ್ದಿನ ಕಥೆ

ಆಡಬಾರದ ಮಾತನ್ನು ಹಾಸ್ಯಕ್ಕಾಗಿಯೂ ಆಡಕೂಡದು, ಅಶ್ವಿನೀ ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ ಎಂದು ಮನೆಯ ಹಿರಿಯರು ಮಕ್ಕಳನ್ನು ಗದರಿಸುವುದುಂಟು. ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ವಿಯೆನ್ನಾ ನಗರವೂ ಒಂದು ಕಾಲಕ್ಕೆ ಹಾಗೆಯೇ ನಕ್ಕಿತು.

1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ಆ ನಗರದ ಭಾಗ್ಯವೂ ಮುಗಿದಿತ್ತು. ವಿಶಾಲವಾದ ಸಾಮ್ರಾಜ್ಯವು ಕರಗಿ, ಪುಟ್ಟ ಗಣರಾಜ್ಯವೊಂದಕ್ಕೆ ಬಹು ದೊಡ್ಡ ರಾಜಧಾನಿಯೊಂದು ಉಳಿದಿತ್ತು. ಹಣದ ಬೆಲೆ ಎಷ್ಟು ಕುಸಿಯಿತೆಂದರೆ, 1925ರಲ್ಲಿ ಷಿಲಿಂಗ್ ಎಂಬ ಹೊಸ ನಾಣ್ಯವು ಬಂದಾಗ ಒಂದು ಷಿಲಿಂಗಿಗೆ ಹಳೆಯ 10,000 ಕ್ರೋನುಗಳನ್ನು ತೆರಬೇಕಾಯಿತು. ಹೊಟ್ಟೆಗೆ ಸಾಲದಿದ್ದರೂ ಜನ ವಿನೋದವನ್ನು ಬಿಡಲಿಲ್ಲ. ಸಂಗೀತ ನಾಟಕಗಳು, ಹಾಸ್ಯಗಾರರ ಕ್ಯಾಬರೆಗಳು, ಮೂಕಿ ಚಿತ್ರಗಳು ಅವರ ಸಂಜೆಗಳನ್ನು ತುಂಬಿದವು. ಕಷ್ಟಕ್ಕೆ ಕಾರಣರಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಅನೇಕರ ಬೆರಳು ಒಂದೇ ದಿಕ್ಕಿಗೆ ತಿರುಗುತ್ತಿತ್ತು: ನಗರದಲ್ಲಿದ್ದ ಸುಮಾರು ಎರಡು ಲಕ್ಷ ಯೆಹೂದ್ಯರ ಕಡೆಗೆ.

ಹ್ಯೂಗೋ ಬೆಟ್ಟಾವರ್ ಎಂಬ ಪತ್ರಕರ್ತನು ಈ ಬೆರಳನ್ನು ಕಂಡು ಹಾಸ್ಯವೊಂದನ್ನು ಕಲ್ಪಿಸಿದನು. ಯೆಹೂದ್ಯರನ್ನೆಲ್ಲ ನಿಜವಾಗಿಯೇ ಹೊರಹಾಕಿದರೆ ಏನಾದೀತು? 1922ರಲ್ಲಿ ಪ್ರಕಟವಾದ ಆತನ ‘ಯೆಹೂದ್ಯರಿಲ್ಲದ ನಗರ’ಕ್ಕೆ ‘ನಾಡಿದ್ದಿನ ಕಾದಂಬರಿ’ ಎಂಬ ಉಪಶೀರ್ಷಿಕೆಯಿತ್ತು. ಎರಡು ವರ್ಷಗಳಲ್ಲಿ ಎಚ್. ಕೆ. ಬ್ರೆಸ್ಲಾವರನು ಅದನ್ನು ಮೂಕಿ ಚಿತ್ರವಾಗಿಸಿದನು. 1924ರ ಜುಲೈ 25ರಂದು ಅದು ವಿಯೆನ್ನಾದಲ್ಲಿ ತೆರೆಕಂಡಿತು.

ಕಥೆ ಸರಳವಾದುದು. ಶಾಸನಸಭೆಯು ಕಾನೂನು ಮಾಡುತ್ತದೆ, ಯೆಹೂದ್ಯರು ಗಂಟುಮೂಟೆ ಕಟ್ಟಿ ಹೊರಡುತ್ತಾರೆ, ಊರು ಸಂಭ್ರಮಿಸುತ್ತದೆ. ಅನಂತರ ವ್ಯಾಪಾರ ಬೀಳುತ್ತದೆ, ರಂಗಮಂದಿರಗಳು ಬಣಗುಡುತ್ತವೆ, ಹಣದ ಬೆಲೆ ಇನ್ನಷ್ಟು ಇಳಿಯುತ್ತದೆ. ಕುಳಿತ ಕೊಂಬೆಯನ್ನೇ ಕಡಿದುಕೊಂಡೆವೆಂಬ ಅರಿವು ಮೂಡಿ, ಹೋದವರನ್ನು ಜನ ಮರಳಿ ಬರಮಾಡಿಕೊಳ್ಳುತ್ತಾರೆ. ಯೆಹೂದ್ಯ ದ್ವೇಷಿಯಾದ ಬರ್ನಾರ್ಟ್ ಎಂಬ ಸಭಾಸದನು ಹುಚ್ಚಾಸ್ಪತ್ರೆ ಸೇರುತ್ತಾನೆ. ಕೊನೆಗೆ ಇದೆಲ್ಲವೂ ಅವನು ಕಂಡ ಕನಸೆಂದು ಚಿತ್ರ ಪ್ರೇಕ್ಷಕರನ್ನು ಸಮಾಧಾನಪಡಿಸುತ್ತದೆ. ಕನಸಲ್ಲವೆ, ಎದ್ದರೆ ಮುಗಿಯಿತು!

ಹೊರಗಿನ ಲೋಕವು ಹಾಗೆ ಎಚ್ಚರಗೊಳ್ಳಲಿಲ್ಲ. ನಾತ್ಸಿ ಗುಂಪುಗಳು ಚಿತ್ರಮಂದಿರಗಳಲ್ಲಿ ದುರ್ವಾಸನೆಯ ಬಾಂಬುಗಳನ್ನೆಸೆದವು. 1925ರ ಮಾರ್ಚ್ 10ರಂದು ಯುವಕನೊಬ್ಬನು ಬೆಟ್ಟಾವರನ ಕಚೇರಿಗೇ ಹೋಗಿ ಗುಂಡು ಹಾರಿಸಿದನು. ಮಾರ್ಚ್ 26ರಂದು ಲೇಖಕನು ತೀರಿಕೊಂಡನು. ಕೊಂದವನನ್ನೂ ಹುಚ್ಚಾಸ್ಪತ್ರೆಗೆ ಕಳುಹಿಸಲಾಯಿತು. ಆದರೆ 1927ರಲ್ಲೇ ಅವನು ಬಿಡುಗಡೆಯಾದನು.

1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಆಸ್ಟ್ರಿಯವನ್ನು ಹೊಕ್ಕಿತು. ಬೆಟ್ಟಾವರನ ನಾಡಿದ್ದು ಹದಿನಾರು ವರ್ಷಗಳ ಮೇಲೆ ಬಂದಿತು. ಚಿತ್ರದಲ್ಲಿ ನಟಿಸಿದ್ದ ಹಾಸ್ಯಗಾರರಾದ ಆರ್ಮಿನ್ ಬರ್ಗ್ ಮತ್ತು ಗಿಸೆಲಾ ವೆರ್ಬೆಸಿರ್ಕ್ ಅಮೆರಿಕಕ್ಕೆ ಓಡಬೇಕಾಯಿತು. ಚಿತ್ರಕಥೆಯಲ್ಲಿ ಪಾಲುಗೊಂಡಿದ್ದ ಇಡಾ ಯೆನ್‌ಬಾಖ್‌ಳನ್ನು 1941ರಲ್ಲಿ ಮಿನ್ಸ್ಕ್‌ಗೆ ಸಾಗಿಸಿದರು, ಆಕೆ ಹಿಂದಿರುಗಲಿಲ್ಲ. ನಿರ್ದೇಶಕ ಬ್ರೆಸ್ಲಾವರನೋ, 1940ರಲ್ಲಿ ನಾತ್ಸಿ ಪಕ್ಷವನ್ನೇ ಸೇರಿದನು.

ಬರ್ನಾರ್ಟನಾಗಿ ಕುಣಿದು ಕೂಗಾಡಿದ ಹಾನ್ಸ್ ಮೋಸರನ ಪಾಡು ಇನ್ನೂ ವಿಚಿತ್ರವಾದುದು. ಮುಂದೆ ಆತನು ಆಸ್ಟ್ರಿಯದ ಮನೆಮಾತಾದ ಹಾಸ್ಯನಟನಾದನು. ಅವನ ಪತ್ನಿ ಬ್ಲಾಂಕಾ ಯೆಹೂದ್ಯಳು. ಆಕೆಯನ್ನು ಬಿಡುವಂತೆ ಒತ್ತಾಯ ಬಂದಿತು, ಅವನು ಬಿಡಲಿಲ್ಲ. 1939ರಲ್ಲಿ ಆಕೆ ಹಂಗೇರಿಗೆ ಹೋಗಿ ನೆಲೆಸಬೇಕಾಯಿತು. ಪರದೆಯ ಮೇಲೆ ದ್ವೇಷಿಯಾಗಿ ನಗಿಸಿದವನು ಮನೆಯಲ್ಲಿ ಹೆಂಡತಿಯಿಲ್ಲದೆ ದಿನಗಳೆದನು. ಜನರನ್ನು ನಗಿಸುವ ಕೆಲಸವಂತೂ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ ದಂಪತಿಗಳು ಮತ್ತೆ ಕೂಡಿದರು. ಅಷ್ಟು ಭಾಗ್ಯ ಎಲ್ಲರಿಗಿರಲಿಲ್ಲ. ಆಸ್ಟ್ರಿಯದ ಸುಮಾರು 65,000 ಯೆಹೂದ್ಯರು ಹತರಾಗಿದ್ದರು.

ಚಿತ್ರವೂ ಕಳೆದುಹೋಗಿತ್ತು. 1991ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಪೂರ್ಣ ಪ್ರತಿಯೊಂದು ಸಿಕ್ಕಿತು. 2015ರಲ್ಲಿ ಪ್ಯಾರಿಸಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಮತ್ತೊಂದು ಪ್ರತಿ ದೊರೆತು, ಕಾಣೆಯಾಗಿದ್ದ ಮುಕ್ತಾಯವೂ ಕೈಸೇರಿತು. ಸಾರ್ವಜನಿಕರು ಕೊಟ್ಟ ಚಂದಾ ಹಣದಿಂದ ಅದನ್ನು ಜೀರ್ಣೋದ್ಧಾರ ಮಾಡಿ 2018ರಲ್ಲಿ ಮತ್ತೆ ತೋರಿಸಿದರು.

ಈಗ ಅದನ್ನು ನೋಡುವವರ ಮನಸ್ಸು ಕಥೆಯ ಸುಖಾಂತದಲ್ಲಿ ನಿಲ್ಲುವುದಿಲ್ಲ. ಹೊಗೆಯಾಡುವ ರೈಲು, ಮೂಟೆ ಹೊತ್ತು ನಡೆವ ಮುದುಕರು, ತಾಯಂದಿರ ಸೆರಗು ಹಿಡಿದ ಮಕ್ಕಳು ಎಂಬಂಥ ನೋಟಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಟ್ಟಾವರನು ಹೋಗುವುದನ್ನು ಸರಿಯಾಗಿಯೇ ಕಂಡಿದ್ದನು. ಮರಳಿ ಕರೆಯುವರೆಂದು ನಂಬಿದ್ದೊಂದೇ ಅವನ ತಪ್ಪು. ಲಾಭನಷ್ಟದ ಲೆಕ್ಕ ತೋರಿಸಿದರೆ ದ್ವೇಷ ನಾಚಿ ಹಿಂಜರಿಯುವುದೆಂದು ಅವನು ಬಗೆದಿದ್ದನು. ದ್ವೇಷಕ್ಕೆ ಲೆಕ್ಕ ಬಾರದು.

ಹಿರಿಯರ ಮಾತಿನಲ್ಲಿ ಒಂದು ತಿದ್ದುಪಡಿ ಬೇಕೇನೋ. ವಿಯೆನ್ನಾದಲ್ಲಿ ‘ಅಸ್ತು’ ಎಂದವರು ದೇವತೆಗಳಲ್ಲ. ಅಂದು ಚಿತ್ರಮಂದಿರದಲ್ಲಿ ಅಕ್ಕಪಕ್ಕ ಕುಳಿತಿದ್ದಂಥ ನೆರೆಹೊರೆಯವರೇ.